ಟಾಕಿ ತಿಳಿಯಾದ ದಿನ

ನಮ್ಮೂರಿನಲ್ಲಿ ಬೇಳೆ ಬೇಯುವುದಿಲ್ಲ. ಗಾದೆಯ ಮಾತು ಹೇಳುತ್ತಿಲ್ಲ. ಒಲೆಯ ಮೇಲಿಟ್ಟು ಹಗಲೆಲ್ಲ ಕುದಿಸಿದರೂ ತೊಗರಿಬೇಳೆ ಹರಳಿನಂತೆ ತಳದಲ್ಲಿ ಕಟಕಟ ಸದ್ದು ಮಾಡುತ್ತ ಬಿದ್ದಿರುತ್ತದೆ. ಕಡಲೆ, ಹೆಸರು, ಮಡಕಿಕಾಳಿನ ಪಾಡೂ ಅದೇ. ಕುದಿಸಿದ ಮೊಟ್ಟೆ ಒಡೆದರೆ ನೀರಾಗಿಯೇ ಸುರಿಯುತ್ತದೆ. ಮಾಂಸ ಹಸಿಯಾಗಿಯೇ ಉಳಿಯುತ್ತದೆ. ಹಾಲು ಗಡಿಕಲ್ಲು ದಾಟಿದೊಡನೆ ಒಡೆಯುತ್ತದೆ. ಹೊರಗೆ ಬೇಯಿಸಿ ತಂದ ಸಾರು ಊರೊಳಗೆ ಬರುವಷ್ಟರಲ್ಲಿ ಮತ್ತೆ ನೀರು ಬೇರೆ, ಕಾಳು ಬೇರೆ. ಜೋಳ, ಗೋವಿನಜೋಳ, ಗೆಣಸು, ಸೊಪ್ಪು ಇಷ್ಟೇ ನಮ್ಮ ಒಲೆಗೆ ಒಲಿಯುವುದು. ಬೇರೆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯರು ಮೊದಮೊದಲು ಬೇಳೆಯ ಪಾತ್ರೆಯ ಮುಂದೆ ಕೂತು, ತಮ್ಮದೇ ತಪ್ಪೇನೋ ಎಂದು ಅಳುತ್ತಾರೆ. ಅತ್ತೆಯಂದಿರು ನಕ್ಕು ಪಾತ್ರೆ ಕೆಳಗಿಳಿಸುತ್ತಾರೆ.

ಹಾಗಂತ ಯಾರೂ ಊರು ಬಿಟ್ಟು ಹೋಗಿಲ್ಲ. ಸುಣ್ಣದ ಗೂಡುಗಳು ಇಲ್ಲಿವೆ, ಮನೆಗಳು ಇಲ್ಲಿವೆ. ಊರಂಚಿನ ಹಳ್ಳ ದಾಟಿ ಅರ್ಧ ಹಗಲು ನಡೆದರೆ ಆಚೆ ದಿಣ್ಣೆಯ ಮೇಲೆ ಪ್ರತಿ ಮನೆತನದ್ದೂ ಒಂದೊಂದು ಒಲೆ ಇದೆ. ಹುಣ್ಣಿಮೆಗೆ, ಅಮಾವಾಸ್ಯೆಗೆ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿ, ಬೇಳೆ ಬೇಯಿಸಿ, ಹೊಟ್ಟೆತುಂಬ ಉಂಡು ಬರುತ್ತಾರೆ. ದೊಡ್ಡವರು ಹೇಗೋ ತಡೆದುಕೊಂಡಾರು. ಎದೆಹಾಲು ಬಿಟ್ಟ ಮಕ್ಕಳಿಗೆ ಅದು ಸಾಲದು. ಬರೀ ಗೋವಿನಜೋಳದ ನುಚ್ಚು ತಿಂದ ಕೂಸಿನ ಪಾದ ಮೊದಲು ಊದುತ್ತದೆ. ಆಮೇಲೆ ಕೂದಲು ಕೆಂಚಗಾಗುತ್ತದೆ. ಆಮೇಲೆ ಅದು ಅಳುವುದನ್ನು ನಿಲ್ಲಿಸುತ್ತದೆ. ಅಳು ನಿಲ್ಲಿಸಿದ ಕೂಸನ್ನು ಕಂಡರೆ ನಮ್ಮೂರಿನವರ ಎದೆ ಧಸಕ್ಕೆನ್ನುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಮುಚ್ಚಿದರೆ ಆ ಒಲೆಗಳೂ ಇಲ್ಲ.

ಅದಕ್ಕಾಗಿಯೇ ಪುಡಿಮನೆ. ಅಲ್ಲಿ ಎರಡಾಳೆತ್ತರದ ಉಕ್ಕಿನ ಟಾಕಿಯೊಂದಿದೆ. ಅದರೊಳಗೆ ಕಬ್ಬಿನ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಕುಡಿದು ಬದುಕುವ ಬ್ಯಾಕ್ಟೀರಿಯಾ. ಅವು ಕಾಕಂಬಿಯ ಸಕ್ಕರೆಯಿಂದ ಲೈಸಿನ್ ಮಾಡುತ್ತವೆ. ಲೈಸಿನ್ ಅಂದರೆ ಬೇಳೆಯಲ್ಲಿ ಧಾರಾಳವಾಗಿರುವ, ಗೋವಿನಜೋಳದಲ್ಲಿ ಸಾಲದ ಅಮೈನೊ ಆಮ್ಲ. ಟಾಕಿಯ ರಸವನ್ನು ಬತ್ತಿಸಿ ಒಣಗಿಸಿದ ಕಂದು ಪುಡಿಯನ್ನು ಗಿರಣಿಯಲ್ಲೇ ಹಿಟ್ಟಿಗೆ ಬೆರೆಸಿ ಕೊಡುತ್ತಾರೆ. ಊರಿನವರ ಬಾಯಲ್ಲಿ ಬ್ಯಾಕ್ಟೀರಿಯಾ ಅಂದರೆ ಹುಳ. ದಾರಿಯಲ್ಲಿ ಸಿಕ್ಕವರು "ಹುಳಾ ಹ್ಯಾಂಗದಾವ್ರಿ ಅನಸಕ್ಕಾ?" ಎಂದು ಮನೆಯ ದನಕರುಗಳನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಾರೆ. ನನ್ನ ಹೆಸರು ಅನಸೂಯಾ. ಹೊರಗೆ ಹೋಗಿ ಓದಿ ಬಂದ ಮೇಲೆ ಆ ಹುಳಗಳ ಜೋಪಾನ ನನ್ನದಾಯಿತು. ಟಾಕಿ, ಉಗಿ, ಕೊಳವೆಗಳೆಲ್ಲ ಮೌಲಾಸಾಬನ ಪಾಲು. ಪುಡಿಯ ಉಗ್ರಾಣದ ಕೀಲಿ ತಾರಾಬಾಯಿಯವರ ಸೊಂಟದಲ್ಲಿ. ಊರು ಅವರನ್ನು ಆರಿಸಿ ಆ ಕೀಲಿ ಕೊಟ್ಟಿತ್ತು. ಅವರ ಮಾತನ್ನು ಮೀರಿದವರನ್ನು ನಾನು ಕಂಡಿರಲಿಲ್ಲ.

ಹೊಸ ಗೂಡುಗಳು ಬಂದ ಮೇಲೆ ಕೆಲಸಕ್ಕೆಂದು ಜನ ಬಂದರು, ಗೂಡಿನ ಓಣಿ ಹುಟ್ಟಿತು. ಅಲ್ಲಿನ ಮಕ್ಕಳಿಗೆ ಪುಡಿ ಸಾಲದಾಯಿತು. ಇದ್ದದ್ದನ್ನೇ ಎಲ್ಲರಿಗೂ ಹಂಚಿದರೆ ಯಾರಿಗೂ ಸಾಲುತ್ತಿರಲಿಲ್ಲ. ಇನ್ನೊಂದು ಟಾಕಿ ತರಲು ದಾರಿಯಿಲ್ಲ. ಇದ್ದ ಹುಳವೇ ಹೆಚ್ಚು ಕೊಡಬೇಕು. ಹಳೆಯ ಹುಳದೊಳಗೆ ಒಂದು ಕಿಣ್ವ ಇತ್ತು. ಲೈಸಿನ್ ತನಗೆ ಬೇಕಾದಷ್ಟು ಆದೊಡನೆ ಅದು ಕೈಕಟ್ಟಿ ಕೂತುಬಿಡುತ್ತಿತ್ತು. ಆ ಕಿಣ್ವದ ವಂಶವಾಹಿಯಲ್ಲಿ ನಾನು ಒಂದೇ ಒಂದು ಅಕ್ಷರ ತಿದ್ದಿದೆ. ಆಮೇಲೆ ಅದಕ್ಕೆ ಕೈಕಟ್ಟುವುದು ಮರೆತುಹೋಯಿತು. ಮಾಡಿದ ಲೈಸಿನ್ ಒಳಗೇ ತುಂಬಿ ಹುಳದ ಉಸಿರುಗಟ್ಟಬಾರದೆಂದು ಅದನ್ನು ಹೊರಹಾಕುವ ಬಾಗಿಲುಗಳನ್ನೂ ಹೆಚ್ಚಿಸಿದೆ. ಇಷ್ಟಕ್ಕೆ ನನ್ನ ಪ್ರಾಯದ ಒಳ್ಳೆಯ ಭಾಗವೇ ಹೋಯಿತು.

ಇದನ್ನೆಲ್ಲ ತಾರಾಬಾಯಿಯವರ ಪಡಸಾಲೆಯಲ್ಲಿ ಕೂತು ವಿವರಿಸಿದಾಗ ಅವರು ಮೊಮ್ಮಗ ಮಾಧುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು.

"ಸಾಕು ಅನ್ನೂದ ಗೊತ್ತಿಲ್ಲದ ಜೀವ ಬಾಳಿಕಿ ಬರಂಗಿಲ್ಲವ್ವಾ," ಎಂದರು.

"ನಮಗ ಅದು ಬಾಳೂದು ಬ್ಯಾಡ್ರಿ ಅವ್ವಾರ. ದುಡದ್ರ ಸಾಕು."

"ಹಂಗ ಅನಬ್ಯಾಡ. ಅದರ ಕೈಯಾಗಿಂದ ಉಣ್ಣಾವ್ರು ನಾವು." ಸ್ವಲ್ಪ ಹೊತ್ತು ಕೂಸಿನ ಬೆನ್ನು ನೀವಿದರು. "ಓಣಿ ಮಕ್ಕಳನ್ನ ನೋಡಿದ್ರ ನನಗೂ ಅನ್ನ ಇಳೀದಾಂಗ ಆಗೇತಿ. ಹಾಕು. ಆದ್ರ ಹಳೇದನ್ನ ಚೆಲ್ಲಬ್ಯಾಡ."

ನಾನು ಚೆಲ್ಲಲಿಲ್ಲ. ಹಳೆಯದು ಐಸಿನ ಪೆಟ್ಟಿಗೆಯಲ್ಲಿ ಮಲಗಿತು. ಹೊಸದು ಟಾಕಿಗೆ ಇಳಿಯಿತು. ಬೇಸಿಗೆಯೆಲ್ಲ ಅದು ದುಡಿದ ಪರಿಗೆ ಪುಡಿಯ ಚೀಲಗಳು ಉಗ್ರಾಣದ ತೊಲೆ ಮುಟ್ಟಿದವು. ಓಣಿಯ ಮಕ್ಕಳ ಕೆನ್ನೆಗೆ ಬಣ್ಣ ಬಂತು. ನನ್ನ ತಂಗಿ ಕಸ್ತೂರಿಯ ಮಗಳು ಚಂಪಾ ಆ ಬೇಸಿಗೆಯಲ್ಲಿ ನಡೆಯಲು ಕಲಿತಳು. ಊರಿನವರು ಧೈರ್ಯ ಮಾಡಿ ಹೆಚ್ಚು ಉಂಡರು, ಹೆಚ್ಚು ಕೊಟ್ಟರು. ಕೂಡಿಟ್ಟದ್ದು ಕರಗುತ್ತ ಬಂತು. ಟಾಕಿ ಇದೆಯಲ್ಲ ಎನ್ನುವ ನೆಚ್ಚಿಗೆಯಲ್ಲಿ ನಾವ್ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಮಳೆ ಹಿಡಿಯಿತು, ಹಳ್ಳ ತುಂಬಿತು.

ಒಂದು ಮುಂಜಾನೆ ನಾನು ಪುಡಿಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಮೌಲಾಸಾಬ ಒಳಗಿನಿಂದಲೇ ಕೂಗಿದ. "ಅಕ್ಕಾ, ಲಗೂನ ಬರ್ರಿ. ಟಾಕಿ ತಿಳಿ ಆಗೇತಿ."

ಉಳಿದ ಮೆಟ್ಟಿಲುಗಳನ್ನು ಓಡುತ್ತ ಹತ್ತಿದೆ. ದುಡಿಯುವ ಟಾಕಿ ಯಾವಾಗಲೂ ಗಂಜಿಯಂತೆ ಮಂದವಾಗಿರುತ್ತದೆ. ಲೆಕ್ಕವಿಲ್ಲದಷ್ಟು ಹುಳಗಳು ತುಂಬಿರುವುದರಿಂದ ಬೆಳಕು ಒಳಗೆ ಇಳಿಯುವುದಿಲ್ಲ. ಆ ದಿನ ಟಾಕಿಯ ಮಗ್ಗುಲಿಗೆ ಕೂರಿಸಿದ ದಪ್ಪ ಗಾಜಿಗೆ ಮುಖವಿಟ್ಟು ನೋಡಿದೆ. ಒಳಗೆ ಹಾಲಿಲ್ಲದ ಚಹಾದಂಥ ನೀರು. ತಳದಲ್ಲಿ ತಿರುಗುವ ರೆಕ್ಕೆಗಳು ಕಾಣುತ್ತಿದ್ದವು. ಅಷ್ಟು ವರ್ಷ ಅಲ್ಲಿ ದುಡಿದರೂ ಆ ರೆಕ್ಕೆಗಳನ್ನು ನಾನು ಎಂದೂ ಕಂಡಿರಲಿಲ್ಲ. ಮೇಲೆ ಕೊಳಕು ನೊರೆ ತೇಲುತ್ತಿತ್ತು. ಅದು ಹುಳಗಳ ಹೆಣ.

"ನಸುಕಿನ್ಯಾಗ ನೋಡಿದಾಗ ಚಲೋನ ಇತ್ತಕ್ಕಾ," ಎಂದ ಮೌಲಾಸಾಬ. "ನೋಡ್ನೋಡತಾನ ಹಿಂಗಾತು. ಏನ್ ಹತ್ತೇತಿದು?"

"ಹುಳಕ್ಕ ಹುಳ ಹತ್ತೇತಿ."

ಬ್ಯಾಕ್ಟೀರಿಯಾವನ್ನು ತಿನ್ನುವ ವೈರಾಣುಗಳಿವೆ. ಒಂದು ಹೊಕ್ಕರೆ ನೂರಾಗಿ ಹೊರಬರುತ್ತದೆ, ಹೊಕ್ಕ ಹುಳ ಸಿಡಿದು ಸಾಯುತ್ತದೆ. ಅದು ಗಾಳಿಯಿಂದ ಬಂತೋ ನೀರಿನಿಂದ ಬಂತೋ ನನಗೆ ತಿಳಿಯದು. ನಾನು ತಿದ್ದಿದ ಹುಳ ದುಡಿದು ದುಡಿದು ಸೋತದ್ದರಿಂದ ಅದಕ್ಕೆ ಸುಲಭವಾಗಿ ಬಲಿಯಾಯಿತೋ ಏನೋ, ಅದೂ ತಿಳಿಯದು. ಊರು ಮಾತ್ರ ಮಧ್ಯಾಹ್ನದೊಳಗೆ ತೀರ್ಮಾನಕ್ಕೆ ಬಂದಿತ್ತು. ಅನಸೂಯಾ ಹುಳದ ಹಣೆಬರಹ ತಿದ್ದಲಿಕ್ಕೆ ಹೋದಳು, ಹುಳ ತಿರುಗಿ ಬಿತ್ತು.

ತಾರಾಬಾಯಿ ಬಂದರು. ಗಾಜಿನಲ್ಲಿ ಬಹಳ ಹೊತ್ತು ನೋಡಿದರು. ಬಯ್ಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಬಯ್ಯಲಿಲ್ಲ. "ಇದರಾಗಿಂದ ಎಷ್ಟ ಸಿಗ್ತೈತಿ?" ಎಂದರು.

"ಏನೂ ಇಲ್ರಿ. ಈಗಷ್ಟ ಸುರು ಮಾಡಿದ್ವಿ."

"ಕಾಕಂಬಿ?"

ಮೌಲಾಸಾಬ ಉತ್ತರಿಸಿದ. "ಒಂದ ಸಲ ಟಾಕಿ ತುಂಬಾಕ ಸಾಕಾಗ್ತೈತ್ರಿ. ಮ್ಯಾಲ ಸ್ವಲ್ಪ ಉಳೀಬೌದು. ಹಳ್ಳ ಇಳಿಯೂತನಕ ಬ್ಯಾರೆ ಬಂಡಿ ಬರಂಗಿಲ್ಲ."

ತಾರಾಬಾಯಿ ಅಂಗಳಕ್ಕೆ ಹೋಗಿ, ಕೂಡಿದ್ದ ಜನರಿಗೆ ಹೇಳಿದರು. ಅಂದಿನಿಂದ ದೊಡ್ಡವರಿಗೆ ಪುಡಿಯಿಲ್ಲ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳಿಗೆ ಮಾತ್ರ, ಅದೂ ಅರ್ಧ. "ನಮ್ಮ ಮನಿಯಾಗೂ ಅಷ್ಟ," ಎಂದರು. ಯಾರೂ ಎದುರಾಡಲಿಲ್ಲ. ಆದರೆ ಗೂಡಿನ ಕೆಲಸಗಾರನೊಬ್ಬ ಮುಂದೆ ಬಂದು, "ಹಳೇ ಹುಳಾ ಹಾಕ್ರಿ! ಹಳೇದು ಯಾವಾಗರೆ ಸತ್ತಿತ್ತೇನು?" ಎಂದು ಕೂಗಿದ. ಎಲ್ಲರೂ ಅದನ್ನೇ ಕೂಗಿದರು. ತಾರಾಬಾಯಿಯೂ ನನ್ನ ಕಡೆ ತಿರುಗಿದರು.

"ಹಳೇದು ಐತಿಲ್ಲ ಐಸಿನ ಪೆಟಗ್ಯಾಗ? ಅದನ್ನ ಹಾಕು."

"ಈ ರೋಗ ಹಳೇದನ್ನೂ ಬಿಡಂಗಿಲ್ರಿ. ಕೊಳವೆಯೊಳಗ ಎಲ್ಲ್ಯಾರ ಒಂದೀಟ ಉಳದಿದ್ರ ಹಾಕಿದ್ದೆಲ್ಲಾ ಮತ್ತ ತಿಳಿ ಆಗತೈತಿ. ಇದ್ದ ಒಂದ ಸಲದ ಕಾಕಂಬಿನೂ ಹೋಗತೈತಿ."

"ಉಗಿ ಹಾಕಿ ತೊಳೀತೀನ್ರಿ," ಎಂದ ಮೌಲಾಸಾಬ. "ಟಾಕಿ ಬಗ್ಗೆ ನಾ ಜವಾಬ್ದಾರಿ. ಗಾಳಿ ಕೊಳವೆಯ ಸಂದಿಗೊಂದಿ ಬಗ್ಗೆ ಮಾತ್ರ ದೇವರ ಆಣಿ ಹಾಕಾಕ ಬರಂಗಿಲ್ಲ."

"ನನಗ ಸ್ವಲ್ಪ ದಿನಾ ಕೊಡ್ರಿ ಅವ್ವಾರ. ಅಷ್ಟ ಹುಳದಾಗ ಒಂದೆರಡರೆ ಬದುಕಿರ್ತಾವ. ರೋಗ ತಟ್ಟದ ಹುಳಾ. ಅವನ್ನ ಹುಡುಕಿ ಬೆಳಸ್ತೀನಿ."

"ಸ್ವಲ್ಪ ದಿನಾ ಅಂದ್ರ ಎಷ್ಟ ಕೂಸು?" ಎಂದರು ತಾರಾಬಾಯಿ.

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. "ಮೌಲಾಸಾಬ ಟಾಕಿ ತೊಳಿಯೂ ತನಕಾ ಹುಡುಕು. ಆಮ್ಯಾಲ ನಾ ಕಾಯಂಗಿಲ್ಲ," ಎಂದು ಹೊರಟರು.

ಟಾಕಿಯ ತಿಳಿಯನ್ನೇ ತಟ್ಟೆಗಳ ಮೇಲೆ ಸವರಿ ಬೆಚ್ಚಗಿಟ್ಟೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ರವೆಯ ಕಾಳಿನಂಥ ಹಳದಿ ಚುಕ್ಕೆಗಳು, ಅಲ್ಲೊಂದು ಇಲ್ಲೊಂದು. ಸತ್ತವರ ನಡುವೆ ಉಸಿರಾಡುತ್ತಿದ್ದವರನ್ನು ಕಂಡ ಹಾಗೆ ನಾನು ಗಟ್ಟಿಯಾಗಿ ಕೂಗಿದೆ. ಆದರೆ ಬದುಕಿದವೆಲ್ಲ ದುಡಿಯುತ್ತವೆ ಎಂದೇನಿಲ್ಲವಲ್ಲ. ಒಂದೊಂದನ್ನೂ ಬೇರೆ ಬೇರೆ ಗಾಜಿನ ಕೊಳವೆಯಲ್ಲಿ ಬೆಳೆಸಿ, ರಸದ ಹನಿಯನ್ನು ಕಾಗದದ ಮೇಲೆ ಇಳಿಸಿ, ಔಷಧಿ ಸಿಂಪಡಿಸಿ ಕೆಂಡದ ಮೇಲೆ ಹಿಡಿದೆ. ಲೈಸಿನ್ ಇದ್ದಲ್ಲಿ ನೇರಳೆ ಬಣ್ಣ ಏಳಬೇಕು. ಮೊದಲನೆಯದು ಬಿಳಿಯಾಗಿಯೇ ಉಳಿಯಿತು. ಎರಡನೆಯದೂ ಅಷ್ಟೇ. ಅವು ಬದುಕುವ ಭರದಲ್ಲಿ ನಾನು ಕಲಿಸಿದ್ದನ್ನೆಲ್ಲ ಕಳೆದುಕೊಂಡಿದ್ದವು. ಹೀಗೆ ಕಾಗದದ ಮೇಲೆ ಕಾಗದ ಸುಟ್ಟ ವಾಸನೆಯಲ್ಲಿ ಕೂತಿದ್ದಾಗ ಕಸ್ತೂರಿ ಚಂಪಾಳನ್ನು ಎತ್ತಿಕೊಂಡು ಬಂದಳು.

ಮಗುವಿನ ಪಾದವನ್ನು ನನ್ನ ಮುಂದೆ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ಅಕ್ಕಾ, ನಿನ್ನ ಕಡೆ ಅಳತಿಗೆ ಇಟ್ಟದ್ದು ಒಂದ ಶೀಸೆ ಇರತೈತಿ ಅಂತ ಮೌಲಾಸಾಬಣ್ಣ ಹಿಂದೊಮ್ಮಿ ಅಂದಿದ್ದ."

ಇತ್ತು. ಹೆಬ್ಬೆರಳಿನಷ್ಟು ಶೀಸೆ. ಅದರೊಳಗಿನ ಶುದ್ಧ ಲೈಸಿನ್ನಿನ ಪಕ್ಕದಲ್ಲಿಟ್ಟು ನೋಡದೆ ಯಾವ ಹುಳ ಎಷ್ಟು ದುಡಿಯುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಹಾಗೆಂದು ವಿವರಿಸಿದೆ. ಅವಳು ಕೇಳಿಸಿಕೊಂಡಳು. "ನೀ ಹೇಳೂದೆಲ್ಲಾ ಖರೇನ ಇರತೈತಿ ಅಕ್ಕಾ," ಎಂದು ಚಂಪಾಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ಚಂಪಾ ಅಳಲಿಲ್ಲ. ನನ್ನನ್ನು ನೋಡಿ ಕೈಚಾಚಲೂ ಇಲ್ಲ.

ಮೌಲಾಸಾಬ ಟಾಕಿ ತೊಳೆದು ಮುಗಿಸಿದ ಹೊತ್ತಿಗೆ ನನಗೆ ಒಂದು ಸಿಕ್ಕಿತ್ತು. ಕಾಗದದ ಮೇಲೆ ನೇರಳೆಹಣ್ಣು ಹಿಸುಕಿದಂಥ ಕಲೆ. ಆದರೆ ಆ ಹುಳ ಬಲು ನಿಧಾನ. ಯಾಕೆಂದು ಬೇಗನೆ ಗೊತ್ತಾಯಿತು. ವೈರಾಣು ಒಳನುಗ್ಗುತ್ತಿದ್ದದ್ದು ಹುಳ ಸಕ್ಕರೆ ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ. ಈ ಹುಳದಲ್ಲಿ ಆ ಬಾಗಿಲು ಮುರಿದುಹೋಗಿತ್ತು. ಹಾಗಾಗಿ ಅದು ಬದುಕಿತ್ತು, ಹಾಗಾಗಿಯೇ ಹಿತ್ತಿಲ ಕಿಂಡಿಯಿಂದ ಗುಟುಕು ಗುಟುಕಾಗಿ ಸಕ್ಕರೆ ತೆಗೆದುಕೊಳ್ಳುತ್ತಿತ್ತು. ಟಾಕಿ ತುಂಬಲು ಮಾಮೂಲಿನ ಎರಡರಷ್ಟು ಸಮಯ ಬೇಕು. ಅಷ್ಟು ಹೊತ್ತು ಬೇರೆ ಕಸ ಸೇರದ ಹಾಗೆ ಟಾಕಿಯನ್ನು ಕಾಯಬೇಕು.

ಮುಂಜಾನೆಯೇ ಅಂಗಳದಲ್ಲಿ ಊರೇ ಸೇರಿತ್ತು. ನಾನು ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಗದ್ದಲ ಎದ್ದಿತು. "ಎರಡರಷ್ಟ ಅಂತ! ಮಕ್ಕಳು ಕಾಯ್ತಾವೇನು?" ಯಾರೋ ಎಸೆದ ಸುಣ್ಣದಕಲ್ಲು ಬಾಗಿಲಿಗೆ ಬಡಿದು ಪುಡಿಯಾಯಿತು. ಮೌಲಾಸಾಬ ಬಾಗಿಲಿಗೆ ಅಡ್ಡ ನಿಂತ. ತಾರಾಬಾಯಿ ಕೈಯೆತ್ತಿದರು.

"ಹೆಚ್ಚಿಗಿ ಉಳದ ಕಾಕಂಬಿ ಐತೆಲ್ಲ, ಅದನ್ನ ಸಣ್ಣ ಟಾಕಿಗೆ ಹಾಕ್ರಿ. ಹಳೇ ಹುಳಾ ಬಿಡ್ರಿ. ದೊಡ್ಡ ಟಾಕಿಗೆ ಬರೋ ಗಾಳಿನ ಅದಕ್ಕೂ ಬರಲಿ. ಸಂಜೀತನಕ ಅದು ಗಂಜಿ ಹಂಗ ಮಂದ ಇದ್ರ, ದೊಡ್ಡದಕ್ಕೂ ಹಳೇದ. ತಿಳಿ ಆದ್ರ, ಅನಸೂಯಾನ ಮಾತು. ಎಲ್ಲಾರೂ ಇಲ್ಲೇ ಕುಂತು ನೋಡ್ರಿ."

ಸಣ್ಣ ಟಾಕಿ ದೊಡ್ಡದಕ್ಕೆ ಬಿಡುವ ಬೀಜದ ಹುಳ ಬೆಳೆಸುವುದಕ್ಕೆ ಇದ್ದದ್ದು, ಒಂದು ಹಂಡೆಯಷ್ಟು, ಪೂರ್ತಿ ಗಾಜಿನದು. ಗಾಜಿನ ಕೊಳವೆಯಲ್ಲಿ ಮೊದಲೇ ಎಬ್ಬಿಸಿಟ್ಟಿದ್ದ ಹಳೆಯ ಹುಳವನ್ನು ಕೂಡಲೇ ಅದಕ್ಕೆ ಬಿಟ್ಟೆವು. ಜನ ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ರಸ ಮಂದವಾಗುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಗಟ್ಟಿ ಗಂಜಿಯೇ ಆಯಿತು. ಅಂಗಳದಲ್ಲಿ ಮೊದಲ ಸಲ ನಗು ಕೇಳಿಸಿತು. ಕಸ್ತೂರಿ ಕಂಬಕ್ಕೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎಲ್ಲರೂ ಅದು ಹಾಗೇ ಇರಲೆಂದು ಬೇಡುತ್ತಿದ್ದರು. ನಾನೊಬ್ಬಳೇ ಅದು ತಿಳಿಯಾಗಲಿ ಎಂದು ಬೇಡುತ್ತಿದ್ದೆ. ಅದು ಗೊತ್ತಾದಾಗ ಕಸ್ತೂರಿ ಇದ್ದ ಕಡೆಯಿಂದ ಮುಖ ತಿರುಗಿಸಿದೆ. ನನ್ನ ತಂಗಿಯ ಕೂಸಿಗೆ ಬೇಗ ಪುಡಿ ಸಿಗುವ ದಾರಿ ಅದು, ಅದು ಕೆಡಲಿ ಎಂದು ನಾನು ಕಾಯುತ್ತಿದ್ದೆ. ತಪ್ಪು ನನ್ನದಲ್ಲ ಎಂದು ಸಾಬೀತಾಗಲಿ ಎಂಬ ಆಸೆಯೋ, ಇದ್ದ ಕಾಕಂಬಿ ಉಳಿಯಲಿ ಎಂಬ ಚಿಂತೆಯೋ, ಬಿಡಿಸಿ ಹೇಳಲಾರೆ.

ಬಿಸಿಲು ಇಳಿಯುವ ಹೊತ್ತಿಗೆ ಅಂಚಿನಲ್ಲಿ ನೊರೆ ಕಟ್ಟಿತು. ಮೌಲಾಸಾಬ ನನ್ನ ಮುಖ ನೋಡಿದ. ಆಮೇಲೆ ಎಲ್ಲರ ಕಣ್ಣೆದುರೇ, ಮಂಜು ಕರಗಿದ ಹಾಗೆ ಗಂಜಿ ತೆಳುವಾಗುತ್ತ ಹೋಯಿತು. ಟಾಕಿಯ ಈಚೆಯಿಂದ ನೋಡಿದರೆ ಆಚೆ ನಿಂತ ತಾರಾಬಾಯಿಯವರ ಮುಖ ಕಾಣಿಸತೊಡಗಿತು. ಮೊದಲು ಮಸುಕಾಗಿ, ಆಮೇಲೆ ಹಣೆಯ ಗೆರೆಗಳ ಸಮೇತ. ಒಂದು ಕೂಸು ಎಲ್ಲೋ ಹಿಂದೆ ಕೆಮ್ಮಿತು.

"ಹಾಕವ್ವಾ ನಿಂದು," ಎಂದರು ತಾರಾಬಾಯಿ.

ಬಾಗಿಲು ಮುರಿದ ಹುಳವನ್ನು ದೊಡ್ಡ ಟಾಕಿಗೆ ಇಳಿಸಿದೆವು. ಆಮೇಲಿನ ಕಾಯುವಿಕೆಯನ್ನು ಹೇಗೆ ಹೇಳಲಿ? ಮೊದಮೊದಲು ರಸ ಹಾಕಿದ ಹಾಗೇ ಇತ್ತು. ಗಾಜಿನಲ್ಲಿ ಆ ರೆಕ್ಕೆಗಳು ತಿರುಗುತ್ತಲೇ ಇದ್ದವು, ತಿರುಗುತ್ತಲೇ ಇದ್ದವು. ಅದು ಹುಳ ಬೆಳೆಯದ ತಿಳಿಯೋ, ಹುಳ ಸತ್ತ ತಿಳಿಯೋ ಎಂದು ಹೇಳುವಂತಿರಲಿಲ್ಲ. ನಾನೂ ಮೌಲಾಸಾಬನೂ ಪಾಳಿಯ ಮೇಲೆ ಅಲ್ಲೇ ಮಲಗಿ ಏಳುತ್ತಿದ್ದೆವು. ಆಮೇಲೆ ಒಂದು ದಿನ ರೆಕ್ಕೆಗಳ ಅಂಚು ಸ್ವಲ್ಪ ಮಬ್ಬಾಯಿತು. ಮಬ್ಬಾಯಿತೋ, ನನ್ನ ಕಣ್ಣು ಸೋತಿತೋ ಎಂದು ಅವನನ್ನು ಕರೆದು ತೋರಿಸಿದೆ. ಅವನು ಗಾಜು ಒರೆಸಿ ಮತ್ತೆ ನೋಡಿ, "ಗಾಜಿನ ಮ್ಯಾಲಿಂದಲ್ರಿ, ಒಳಗಿಂದ," ಎಂದ.

ಹುಳ ಬೆಳೆಯತೊಡಗಿದ ಮೇಲೆ ರಸ ಹುಳಿಯಾಗತೊಡಗುತ್ತದೆ. ಹುಳಿ ಹೆಚ್ಚಾದರೆ ಹುಳ ಅದರಲ್ಲೇ ಸಾಯುತ್ತದೆ. ಅದಕ್ಕೆ ಹನಿ ಹನಿಯಾಗಿ ಅಮೋನಿಯಾ ಬಿಡುತ್ತಿರಬೇಕು. ಹಾಗೆ ನಾನು ತಿರುಪಿನ ಮೇಲೆ ಕೈಯಿಟ್ಟು, ಮೌಲಾಸಾಬ ಗಾಳಿಯ ಯಂತ್ರದ ಮುಂದೆ ಕೂತಿದ್ದ ಒಂದು ಮಧ್ಯಾಹ್ನ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. "ಅನಸಕ್ಕಾ, ನಿಮ್ಮ ತಂಗಿ ಕೂಸಿನ್ನ ಬೆನ್ನಿಗೆ ಕಟಗೊಂಡು ಹಳ್ಳದ ಕಡೆ ಹೋದ್ಲು. ದಾಟಿ ಹೋಗಿ ಬ್ಯಾಳಿ ತಿನಸ್ತೀನಿ ಅಂದ್ಲು. ಎಷ್ಟ ಹೇಳಿದ್ರೂ ಕೇಳವಲ್ಲಳು."

ಹಳ್ಳ ಆಗ ಎರಡೂ ದಡ ನುಂಗಿ ಹರಿಯುತ್ತಿತ್ತು. ಆ ವಾರವೇ ಒಂದು ಎತ್ತು ಕೊಚ್ಚಿಹೋಗಿತ್ತು.

ನಾನು ತಿರುಪು ಬಿಟ್ಟು ಎದ್ದೆ. ಮತ್ತೆ ಕೂತೆ. ಮೌಲಾಸಾಬ, "ಹೋಗ್ರಿ ಅಕ್ಕಾ, ನಾ ಎರಡೂ ನೋಡ್ಕೋತೀನಿ," ಎಂದ. ಎರಡೂ ಒಬ್ಬನಿಂದ ಆಗುವಂಥದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಗಾಳಿ ನಿಂತರೂ ಸಾವು, ಹುಳಿಯೇರಿದರೂ ಸಾವು. "ತಾರಾಬಾಯಿಯವರಿಗೆ ಹೇಳು," ಎಂದೆ ಆ ಹೆಂಗಸಿಗೆ. "ಓಡು." ಆಮೇಲೆ ನಾನು ಗಾಜಿನ ಕಡೆ ನೋಡಲಿಲ್ಲ, ಬಾಗಿಲ ಕಡೆಯೂ ನೋಡಲಿಲ್ಲ. ಹನಿಗಳನ್ನೇ ನೋಡಿದೆ.

ಹಳ್ಳದಲ್ಲಿ ನಡೆದದ್ದನ್ನು ಕಸ್ತೂರಿಯೇ ಆಮೇಲೆ ನನಗೆ ಹೇಳಿದಳು. ಅವಳು ಸೊಂಟದ ನೀರಿನ ತನಕ ಹೋಗಿದ್ದಳಂತೆ. ಮುಂದಿನ ಹೆಜ್ಜೆಗೆ ತಳ ಸಿಗಲಿಲ್ಲ. ಹಿಂದೆ ಬರಲು ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ತಾರಾಬಾಯಿ ಬಂದರು, ಏದುಸಿರು ಬಿಡುತ್ತ, ಸೀರೆ ಮೊಳಕಾಲ ಮೇಲೆ ಸಿಗಿಸಿಕೊಂಡು. ಕೂಗಲಿಲ್ಲ. ನೀರಿಗಿಳಿದು ಅವಳ ಬೆನ್ನ ಹಿಂದೆಯೇ ಬಂದು ನಿಂತು, ಸೊಂಟದಿಂದ ಒಂದು ಬಟ್ಟೆಯ ಗಂಟು ಬಿಚ್ಚಿ ಮುಂದೆ ಹಿಡಿದರು.

"ಪುಡಿ ಐತಿ. ತಗೊಂಡು ಹೊಳ್ಳಿ ಬಾ."

"ಎಲ್ಲಿಂದಿದು?"

"ನಮ್ಮ ಮನೀದು."

"ಮಾಧುಂದಾ?"

"ಹೊಳ್ಳಿ ಬಾ ಅಂದ್ನೆಲ್ಲಾ!" ಎಂದು ಆಗ ಮಾತ್ರ ಗದರಿದರಂತೆ. ಕಸ್ತೂರಿ ತಿರುಗಿದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ದಡ ಹತ್ತಿದರು. ಉಗ್ರಾಣದಿಂದ ಒಂದು ಚಿಟಿಕೆ ಹೆಚ್ಚು ತೆಗೆದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ತೆಗೆಯಲಿಲ್ಲ. ಮೊಮ್ಮಗನ ಪಾಲನ್ನೇ ಕೊಟ್ಟರು. ಅದನ್ನು ಅವನ ತಾಯಿ ಸುಗಂಧಾಳನ್ನು ಕೇಳದೆ, ಡಬ್ಬಿಯಿಂದ ಸುರಿದುಕೊಂಡು ಹೋಗಿದ್ದರು.

ಟಾಕಿ ಗೆದ್ದಿತು. ನಿಧಾನವಾಗಿ, ಸತಾಯಿಸಿ ಸತಾಯಿಸಿ, ಕಡೆಗೂ ಗಂಜಿಯಾಯಿತು. ಒಂದು ಸಂಜೆ ಕಾಗದದ ಮೇಲಿನ ಕಲೆ ಕಪ್ಪೇ ಎನ್ನುವಷ್ಟು ಗಾಢವಾಗಿ ಎದ್ದಾಗ ಮೌಲಾಸಾಬ ಆ ಕಾಗದ ಹಿಡಿದು ಓಣಿಯ ತನಕ ಓಡಿದ. ಬತ್ತಿಸಿ, ಒಣಗಿಸಿ, ಮೊದಲ ಚೀಲ ಗಿರಣಿಗೆ ಹೋದ ದಿನ ತಾರಾಬಾಯಿ ತಮ್ಮ ಮನೆಯ ಪಾತ್ರೆಯನ್ನು ಸಾಲಿನಲ್ಲಿ ಅದರ ಸರದಿಗೇ ಇಟ್ಟರು. ಚಂಪಾಳ ಪಾದದ ಬಾವು ಇಳಿಯಿತು. ಹಟ ಮಾಡಿ ಅತ್ತಳು. ಅವಳ ಅಳು ಕೇಳಿ ಕಸ್ತೂರಿ ನಕ್ಕಳು, ನಗುತ್ತಲೇ ಅಳತೊಡಗಿದಳು.

ಆ ಮಳೆಗಾಲದಲ್ಲಿ ನಮ್ಮೂರಿನಲ್ಲಿ ಎರಡು ಮಕ್ಕಳು ತೀರಿಕೊಂಡವು, ಎರಡೂ ಗೂಡಿನ ಓಣಿಯವು. ಅವರ ಮನೆಗಳ ಮುಂದೆ ಹಾದುಹೋಗುವಾಗ ನಾನು ಈಗಲೂ ನಿಂತು ಮಾತಾಡಿಸಿ ಮುಂದೆ ಹೋಗುತ್ತೇನೆ. ಒಂದು ಮನೆಯವರು ಮಾತಾಡುತ್ತಾರೆ. ಇನ್ನೊಂದು ಮನೆಯವರು ಮಾತಾಡುವುದಿಲ್ಲ. ಮಾಧು ಬದುಕಿದ. ಆದರೆ ಪಾಲು ತಪ್ಪಿದ ಆ ದಿನಗಳಲ್ಲಿ ಬಲು ಸೊರಗಿದ. ಓರಗೆಯ ಮಕ್ಕಳು ಓಡುವಾಗ ಅವನು ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದ. ಹಳ್ಳ ಇಳಿದ ಮೇಲೆ ಆಚೆಯ ವೈದ್ಯರಿಗೆ ತೋರಿಸಿಕೊಂಡು ಬಂದರು. ತಡವಾದರೂ ನಡೆಯುತ್ತಾನೆ, ಆದರೆ ಯಾವಾಗ ಎಂದು ಹೇಳಲಾಗದು ಎಂದರಂತೆ.

ಸುಗಂಧಾ ಅತ್ತೆಯೊಂದಿಗೆ ಮಾತು ಬಿಟ್ಟಳು. ರೊಟ್ಟಿ ಬಡಿಯುತ್ತಿದ್ದಳು, ತಟ್ಟೆ ಮುಂದಿಡುತ್ತಿದ್ದಳು, ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಊರಿನಲ್ಲಿ ಎಲ್ಲರೂ ತಾರಾಬಾಯಿಯವರನ್ನು ಹೊಗಳಿದಷ್ಟೂ ಅವಳ ಮೌನ ಹೆಪ್ಪುಗಟ್ಟಿತು. ಒಮ್ಮೆ ನಾನು ಅವರ ಮನೆಗೆ ಹೋಗಿದ್ದೆ, ಏನಾದರೂ ಹೇಳಬೇಕೆಂದು. ಅವಳು ನನಗೆ ಮಣೆ ಹಾಕಿ, ನೀರು ಕೊಟ್ಟು, ಒಳಗೆ ಹೋದಳು. ತಾರಾಬಾಯಿ ಮೆಲ್ಲಗೆ, "ಆಕಿದೂ ತಪ್ಪಿಲ್ಲ. ಕೇಳಿ ಕೊಡಬೇಕಿತ್ತು ನಾ," ಎಂದರು. "ಕೇಳಿದ್ರ ಕೊಡ್ತಿದ್ಲೇನ್ರಿ?" ಎಂದೆ. "ಅದ ಹೆದರಿಕಿಗೇ ಕೇಳಲಿಲ್ಲ," ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರನ್ನು ಅಷ್ಟು ಮುದುಕಿಯಾಗಿ ನಾನು ಅದೇ ಮೊದಲು ಕಂಡದ್ದು.

ಚಳಿಗಾಲ ಬಂದ ಮೇಲೆ ಒಂದು ದಿನ ಸುಗಂಧಾ ಮಾಧುವನ್ನು ಕಂಕುಳಲ್ಲಿಟ್ಟುಕೊಂಡು ಪುಡಿಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಆ ಹುಳಾ ನೋಡಬೇಕ್ರಿ ನಾನು," ಎಂದಳು. ಮೌಲಾಸಾಬ ಟಾಕಿಯ ಕಡೆ ಕೈತೋರಿಸಿದ. "ಅದಲ್ಲ. ಒಂದೊಂದ ಕಾಣೂ ಹಂಗ."

ನಾನು ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕ ಸರಿಮಾಡಿ ಕೊಟ್ಟೆ. ಒಂದು ಕಣ್ಣು ಮುಚ್ಚುವುದು ಹೇಗೆಂದು ತೋರಿಸಿದೆ. ಅವಳು ಬಗ್ಗಿದಳು. ಮಾಧು ಅವಳ ಭುಜದ ಮೇಲಿಂದ ನನ್ನನ್ನೇ ನೋಡುತ್ತಿದ್ದ.

"ಕೋಲಿನ ಚೂರಿನ ಹಂಗ ಕಾಣಾಕತ್ತಾವ," ಎಂದಳು. "ಇದರಾಗ ಸಾಯದಂಗ ಉಳದದ್ದು ಯಾವುದ್ರಿ?"

"ಇವೆಲ್ಲಾ ಅದರ ಮಕ್ಕಳ."

"ಮತ್ತ ರೋಗ ಬಂದ್ರ?"

"ಬರತೈತಿ. ಬ್ಯಾರೆ ರೂಪದಾಗ ಬರತೈತಿ. ಆಗ ಮತ್ತ ಹುಡುಕಬೇಕು. ಈ ಸಲ ಮಳಿಗಿಂತ ಮೊದಲ ಬ್ಯಾರೆ ಬ್ಯಾರೆ ನಾಕೈದು ತಳಿ ಮಾಡಿ ಇಡಾಕತ್ತೀನಿ."

ಅವಳು ತಲೆಯೆತ್ತಲಿಲ್ಲ. ಕಣ್ಣು ಕೊಳವೆಗೇ ಅಂಟಿಸಿಕೊಂಡು ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವಳ ಕಣ್ಣಿಂದ ಏನೋ ಜಾರಿ ಗಾಜಿನ ಮೇಲೆ ಬಿತ್ತು. ನಾನು ಒರೆಸಲು ಮುಂದಾದೆ. ಅವಳು ಕೈ ಅಡ್ಡ ಹಿಡಿದಳು.

"ಅತ್ತಿ ಹೊರಗ ನಿಂತಾರ," ಎಂದಳು. "ನನ್ನ ಹಿಂದಿಂದನ ಬಂದಾರ, ಒಳಗ ಬರಾಕ ಅಂಜತಾರ. ಕರೀರಿ. ಅವರೂ ನೋಡ್ಲಿ."